ಸ್ಥಳೀಯ ರೇಡಿಯೊ ಕೇಂದ್ರಗಳ ಒಡೆತನ ಮತ್ತು ಫಾರ್ಮ್ಯಾಟ್

ಒಂದು ಊರಿಗೆಂದು ಪರವಾನಗಿ ಪಡೆದ ರೇಡಿಯೊ ಕೇಂದ್ರಗಳು ಬಿಡಿಬಿಡಿ ಮಾಲೀಕರಿಂದ ಕೆಲವೇ ದೊಡ್ಡ ಕಂಪನಿಗಳ ಕೈಸೇರುವುದು, ಅದರ ಬೆನ್ನಿಗೇ ಅವುಗಳ ಹಾಡು, ಮಾತು, ಸುದ್ದಿಯ ಧಾಟಿ ಬದಲಾಗುವುದು ವಾಣಿಜ್ಯ ಬಾನುಲಿಯ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುವ ವಿದ್ಯಮಾನ. ಅದು ಅತ್ಯಂತ ವೇಗವಾಗಿ ನಡೆದದ್ದು 1996ರ ನಂತರದ ಅಮೆರಿಕದಲ್ಲಿ. ಫಾರ್ಮ್ಯಾಟ್ ಎಂದರೆ ಕೇಂದ್ರವೊಂದು ದಿನವಿಡೀ ಕಾಯ್ದುಕೊಳ್ಳುವ ಸ್ವಭಾವ: ಹಳೆಯ ಹಾಡು, ಕಂಟ್ರಿ, ರಾಕ್, ಸುದ್ದಿ-ಹರಟೆ, ಕ್ರೀಡೆ, ಧಾರ್ಮಿಕ ಹೀಗೆ. ಕೇಳುಗರ ಅಭಿರುಚಿ ಬದಲಾದಾಗ ಫಾರ್ಮ್ಯಾಟ್ ಬದಲಾಗುತ್ತದೆ ಎಂದು ಉದ್ಯಮದವರು ಹೇಳುತ್ತ ಬಂದಿದ್ದಾರೆ. ಅದು ಅರ್ಧ ಸತ್ಯ. ಒಬ್ಬ ಮಾಲೀಕನ ಕೈಯಲ್ಲಿ ಎಷ್ಟು ಕೇಂದ್ರಗಳಿವೆ, ಅವನ್ನು ಕೊಳ್ಳಲು ಮಾಡಿದ ಸಾಲ ಎಷ್ಟು ಎಂಬ ಎರಡು ಲೆಕ್ಕಗಳು ಅಭಿರುಚಿಗಿಂತ ಹೆಚ್ಚು ಸಲ ಫಾರ್ಮ್ಯಾಟನ್ನು ನಿರ್ಧರಿಸಿವೆ.

ಆರಂಭದ ವ್ಯವಸ್ಥೆ

ಪಿಟ್ಸ್‌ಬರ್ಗಿನ ಕೆಡಿಕೆಎ 1920ರ ನವೆಂಬರ್ 2ರಂದು ಚುನಾವಣಾ ಫಲಿತಾಂಶ ಬಿತ್ತರಿಸಿದ್ದನ್ನು ಅಮೆರಿಕದ ವಾಣಿಜ್ಯ ಬಾನುಲಿಯ ಆರಂಭವೆಂದು ಸಾಮಾನ್ಯವಾಗಿ ಗಣಿಸುತ್ತಾರೆ. ತರಂಗಾಂತರಗಳು ಸಾರ್ವಜನಿಕರವು, ಪರವಾನಗಿ ಪಡೆದವನು ಅವನ್ನು ಸಾರ್ವಜನಿಕ ಹಿತಕ್ಕಾಗಿ ಬಳಸಬೇಕು ಎಂಬ ತತ್ತ್ವ 1927ರ ರೇಡಿಯೊ ಕಾಯ್ದೆಯಲ್ಲಿ ಮೂಡಿತು. 1934ರಲ್ಲಿ ಹುಟ್ಟಿದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ (ಎಫ್‌ಸಿಸಿ) ಅದನ್ನು ಮುಂದುವರಿಸಿತು. ಒಡೆತನದ ಮಿತಿಗಳು ಈ ತತ್ತ್ವದಿಂದಲೇ ಬಂದವು. 1950ರ ದಶಕದಿಂದ ಒಬ್ಬ ಮಾಲೀಕ ದೇಶದಲ್ಲೆಲ್ಲ ಸೇರಿ 7 ಎಎಂ ಮತ್ತು 7 ಎಫ್‌ಎಂ ಕೇಂದ್ರಗಳನ್ನು ಮಾತ್ರ ಇಟ್ಟುಕೊಳ್ಳಬಹುದಿತ್ತು. ಒಂದೇ ಊರಿನಲ್ಲಿ ಒಂದೇ ಬಗೆಯ ಎರಡು ಕೇಂದ್ರಗಳನ್ನು ಹೊಂದುವಂತಿರಲಿಲ್ಲ.

1950ರ ದಶಕದಲ್ಲಿ ನಾಟಕ, ಹಾಸ್ಯ, ಧಾರಾವಾಹಿಗಳು ಟಿ.ವಿ.ಗೆ ಹೋದ ಮೇಲೆ ರೇಡಿಯೊಗೆ ಉಳಿದದ್ದು ಹಾಡು ಮತ್ತು ಸ್ಥಳೀಯ ಮಾತು. ಓಮಾಹಾದ ಟಾಡ್ ಸ್ಟಾರ್ಜ್, ಡಲ್ಲಾಸ್‌ನ ಗಾರ್ಡನ್ ಮೆಕ್ಲೆಂಡನ್ ಇಬ್ಬರೂ ಕೆಲವೇ ಜನಪ್ರಿಯ ಗೀತೆಗಳನ್ನು ಸುತ್ತಿಸುತ್ತಲೇ ಇರುವ ‘ಟಾಪ್ 40’ ಪದ್ಧತಿಯನ್ನು ಬೆಳೆಸಿದರು. ಹೋಟೆಲಿನ ಜೂಕ್‌ಬಾಕ್ಸಿನಲ್ಲಿ ಗಿರಾಕಿಗಳು ಅದೇ ಹಾಡನ್ನು ಮತ್ತೆ ಮತ್ತೆ ಹಾಕಿಸುವುದನ್ನು ನೋಡಿ ಸ್ಟಾರ್ಜ್‌ಗೆ ಇದು ಹೊಳೆಯಿತೆಂಬ ಕಥೆ ಉದ್ಯಮದಲ್ಲಿ ಇಂದಿಗೂ ಓಡಾಡುತ್ತಿದೆ. ಕಥೆ ನಿಜವೋ ಅಲ್ಲವೋ, ಆ ಪದ್ಧತಿಯಿಂದ ಒಂದು ಸಂಗತಿ ಸಿದ್ಧವಾಯಿತು. ಕಾರ್ಯಕ್ರಮಗಳ ಸರಮಾಲೆಯ ಜಾಗದಲ್ಲಿ ಇಡೀ ಕೇಂದ್ರವೇ ಒಂದು ಕಾರ್ಯಕ್ರಮವಾಯಿತು. ಹಾಗಾದ ಮೇಲೆ ಅದನ್ನು ಒಂದು ಊರಿನಿಂದ ಇನ್ನೊಂದಕ್ಕೆ ನಕಲಿಸುವುದು, ಬೇಡವಾದಾಗ ರಾತ್ರೋರಾತ್ರಿ ಕಿತ್ತುಹಾಕುವುದು ಸುಲಭ.

ಫಾರ್ಮ್ಯಾಟ್ ಯಾರ ಸ್ವತ್ತು

ಈ ಪ್ರಶ್ನೆ 1970ರ ದಶಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಶಿಕಾಗೊದ ಡಬ್ಲ್ಯುಇಎಫ್‌ಎಂ ಶಾಸ್ತ್ರೀಯ ಸಂಗೀತದ ಕೇಂದ್ರ. ಅದನ್ನು ಕೊಳ್ಳಹೊರಟವರು ರಾಕ್ ಹಾಕುವುದಾಗಿ ಹೇಳಿದಾಗ ಕೇಳುಗರು ಸಮಿತಿ ಕಟ್ಟಿ ಹೋರಾಡಿದರು. ಊರಿನಿಂದ ಒಂದು ವಿಶಿಷ್ಟ ಫಾರ್ಮ್ಯಾಟೇ ಮರೆಯಾಗುವಂತಿದ್ದರೆ, ಎಫ್‌ಸಿಸಿ ಮಾರಾಟಕ್ಕೆ ಒಪ್ಪಿಗೆ ಕೊಡುವ ಮುನ್ನ ವಿಚಾರಣೆ ನಡೆಸಬೇಕು ಎಂದು ಮೇಲ್ಮನವಿ ನ್ಯಾಯಾಲಯ 1974ರಲ್ಲಿ ಹೇಳಿತು. ಅದೇ ವರ್ಷ ನ್ಯೂಯಾರ್ಕಿನ ಡಬ್ಲ್ಯುಎನ್‌ಸಿಎನ್ ಶಾಸ್ತ್ರೀಯ ಸಂಗೀತ ಬಿಟ್ಟು ರಾಕ್‌ಗೆ ಹೊರಳಿತು. ಅಲ್ಲಿಯ ಕೇಳುಗರೂ ಸಂಘ ಕಟ್ಟಿದರು. ಮರುವರ್ಷ ಕೇಂದ್ರ ಶಾಸ್ತ್ರೀಯ ಸಂಗೀತಕ್ಕೆ ಮರಳಿದರೂ ವ್ಯಾಜ್ಯ ಮುಂದುವರಿಯಿತು. ಸುಪ್ರೀಂ ಕೋರ್ಟ್ 1981ರಲ್ಲಿ ಎಫ್‌ಸಿಸಿಯ ಪರವಾಗಿ ತೀರ್ಪಿತ್ತಿತು: ಯಾವ ಫಾರ್ಮ್ಯಾಟ್ ಬೇಕೆಂಬುದನ್ನು ಮಾರುಕಟ್ಟೆಗೆ ಬಿಡುವ ಆಯೋಗದ ನೀತಿಯಲ್ಲಿ ತಪ್ಪಿಲ್ಲ. ಅಲ್ಲಿಂದ ಮುಂದೆ ಹಾಡು ಪೂರ್ತಿಯಾಗಿ ಮಾಲೀಕನ ಮರ್ಜಿ. ಸಂಘವು ಉಳಿಸಿಕೊಂಡಿದ್ದ ಡಬ್ಲ್ಯುಎನ್‌ಸಿಎನ್ 1993ರ ಡಿಸೆಂಬರಿನಲ್ಲಿ ಸದ್ದಿಲ್ಲದೆ ರಾಕ್ ಕೇಂದ್ರವಾಯಿತು. ಆಗ ತಡೆಯಲು ಕಾನೂನಿನ ಯಾವ ಹಿಡಿಯೂ ಉಳಿದಿರಲಿಲ್ಲ.

1996ರ ಕಾಯ್ದೆ

ಮಿತಿಗಳು ಮೆಟ್ಟಿಲು ಮೆಟ್ಟಿಲಾಗಿ ಸಡಿಲವಾಗಿದ್ದವು. 1980ರ ದಶಕದ ನಡುವೆ ಎಎಂ 12, ಎಫ್‌ಎಂ 12 ಆಯಿತು. 1992ರಲ್ಲಿ 18, 1994ರಲ್ಲಿ 20. ಒಂದೇ ಊರಿನಲ್ಲಿ ಒಂದೇ ಬಗೆಯ ಎರಡು ಕೇಂದ್ರಗಳಿಗೆ ಅನುಮತಿ ದೊರೆತದ್ದೂ 1992ರಲ್ಲೇ. ಆಗ ಅನೇಕ ಕೇಂದ್ರಗಳು ನಷ್ಟದಲ್ಲಿದ್ದವು, ಜಾಹೀರಾತು ಹರಿದು ಹಂಚಿಹೋಗಿತ್ತು, ಆದ್ದರಿಂದ ಈ ಸಡಿಲಿಕೆಗೆ ಕಾರಣವೇ ಇರಲಿಲ್ಲ ಎನ್ನಲಾಗದು. ಆದರೆ 1996ರ ಫೆಬ್ರವರಿ 8ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ದೂರಸಂಪರ್ಕ ಕಾಯ್ದೆ ರಾಷ್ಟ್ರೀಯ ಮಿತಿಯನ್ನು ಒಂದೇ ಏಟಿಗೆ ತೆಗೆದುಹಾಕಿತು. ಉಳಿದದ್ದು ಸ್ಥಳೀಯ ಮಿತಿ ಮಾತ್ರ. 45 ಅಥವಾ ಹೆಚ್ಚು ಕೇಂದ್ರಗಳಿರುವ ಮಾರುಕಟ್ಟೆಯಲ್ಲಿ ಒಬ್ಬರಿಗೆ 8, ಅದರಲ್ಲಿ ಒಂದೇ ಬಗೆಯವು 5 ಮೀರಬಾರದು. 30ರಿಂದ 44 ಇದ್ದರೆ 7; 15ರಿಂದ 29 ಇದ್ದರೆ 6; 14 ಅಥವಾ ಕಡಿಮೆ ಇರುವ ಸಣ್ಣ ಊರಿನಲ್ಲಿ 5, ಅದೂ ಒಟ್ಟು ಕೇಂದ್ರಗಳ ಅರ್ಧವನ್ನು ಮೀರದಂತೆ. ಅಂದರೆ ಊರು ಚಿಕ್ಕದಾದಷ್ಟೂ ಒಬ್ಬನ ಪಾಲು ದೊಡ್ಡದು.

ಮುಂದಿನದು ಖರೀದಿಯ ಜಾತ್ರೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ 1972ರಲ್ಲಿ ಲೋರಿ ಮೇಸ್ ಮತ್ತು ರೆಡ್ ಮೆಕಾಂಬ್ಸ್ ಆರಂಭಿಸಿದ ಕ್ಲಿಯರ್ ಚಾನೆಲ್ ಬಳಿ 1996ರಲ್ಲಿ 40ರ ಆಸುಪಾಸು ಕೇಂದ್ರಗಳಿದ್ದವು. ಜೇಕರ್, ಎಎಂಎಫ್‌ಎಂ ಮುಂತಾದ, ತಾವೇ ಹತ್ತಾರು ಕಂಪನಿಗಳನ್ನು ನುಂಗಿದ್ದ ಸಂಸ್ಥೆಗಳನ್ನು ಕೊಂಡು 2000ದ ದಶಕದ ಆರಂಭದ ಹೊತ್ತಿಗೆ ಅದು ಸುಮಾರು 1,200ಕ್ಕೆ ಮುಟ್ಟಿತು. ಮೆಲ್ ಕಾರ್ಮಜಿನ್‌ರ ಇನ್ಫಿನಿಟಿ ಸಿಬಿಎಸ್ ತೆಕ್ಕೆಗೆ ಬಂತು. ಕ್ಯುಮುಲಸ್ ಎಂಬ ಮತ್ತೊಂದು ಕಂಪನಿ ಬೇರೆಯವರು ಗಮನಿಸದ ಮಧ್ಯಮ ಗಾತ್ರದ ಪಟ್ಟಣಗಳಲ್ಲಿ ಕೇಂದ್ರಗಳನ್ನು ಗುಡ್ಡೆಹಾಕಿತು. ಕಾಯ್ದೆ ಬಂದು ಆರು ವರ್ಷಗಳಾಗುವಷ್ಟರಲ್ಲಿ ಕೇಂದ್ರಗಳ ಸಂಖ್ಯೆ ಏರಿದ್ದರೂ ಮಾಲೀಕರ ಸಂಖ್ಯೆ ಸುಮಾರು ಮೂರನೇ ಒಂದು ಪಾಲು ಕುಸಿದಿತ್ತು ಎಂದು ಎಫ್‌ಸಿಸಿಯೇ ಲೆಕ್ಕ ಕೊಟ್ಟಿತು.

ಗೊಂಚಲಿನ ಲೆಕ್ಕಾಚಾರ

ಒಂದೇ ಊರಿನಲ್ಲಿ ಏಳೆಂಟು ಕೇಂದ್ರ ಹೊಂದಿದವನು ಅವನ್ನೆಲ್ಲ ಒಂದೇ ಕಟ್ಟಡಕ್ಕೆ ತರುತ್ತಾನೆ. ಒಂದು ಕಾರಿಡಾರ್, ಎರಡೂ ಬದಿಗೆ ಪುಟ್ಟ ಸ್ಟುಡಿಯೊಗಳು, ಒಬ್ಬನೇ ಎಂಜಿನಿಯರ್, ಒಂದೇ ಜಾಹೀರಾತು ವಿಭಾಗ. ಫಾರ್ಮ್ಯಾಟ್‌ಗಳನ್ನು ಜಾಹೀರಾತುದಾರನ ಕಣ್ಣಿನಿಂದ ಹಂಚಲಾಗುತ್ತದೆ: 25ರಿಂದ 54 ವಯಸ್ಸಿನ ಮಹಿಳೆಯರಿಗೆ ಇಂಪಾದ ಸಮಕಾಲೀನ ಗೀತೆ, ಗಂಡಸರಿಗೆ ಕ್ಲಾಸಿಕ್ ರಾಕ್ ಮತ್ತು ಕ್ರೀಡೆ, ಹದಿಹರೆಯಕ್ಕೆ ಟಾಪ್ 40, ಎಎಂ ಪಟ್ಟಿಯಲ್ಲಿ ಹರಟೆ. ಕಾರ್ ಮಾರುವವನಿಗೆ ಇಡೀ ಗೊಂಚಲನ್ನು ಒಂದೇ ದರಕ್ಕೆ ಕೊಡಬಹುದು. ಇದರಲ್ಲಿ ಒಂದು ಕೇಂದ್ರಕ್ಕೆ ಕಾವಲುಗಾರನ ಕೆಲಸ. ತನ್ನ ಮುಖ್ಯ ಕೇಂದ್ರದ ಎದುರಾಳಿ ಹಾಕುವ ಹಾಡುಗಳಿಗೆ ಹತ್ತಿರದ ಹಾಡುಗಳನ್ನೇ ಹಾಕುತ್ತ, ಆ ಎದುರಾಳಿಯ ಕೇಳುಗರನ್ನು ಅಷ್ಟಿಷ್ಟು ಕಚ್ಚಿಕೊಳ್ಳುವುದು. ಅಂಥ ಕೇಂದ್ರ ಲಾಭ ಮಾಡಬೇಕಿಲ್ಲ. ಎದುರಿನವನ ಲಾಭ ತಗ್ಗಿಸಿದರೆ ಸಾಕು. ಅಂಥ ಕೇಂದ್ರಗಳ ಫಾರ್ಮ್ಯಾಟೇ ಎಲ್ಲಕ್ಕಿಂತ ಹೆಚ್ಚು ಸಲ ಬದಲಾಗುತ್ತದೆ.

ಒಬ್ಬನೇ ಮಾಲೀಕ ಫಾರ್ಮ್ಯಾಟ್‌ಗಳನ್ನು ಹೀಗೆ ಹಂಚುವುದನ್ನು ಅರ್ಥಶಾಸ್ತ್ರ ಮೊದಲೇ ಊಹಿಸಿತ್ತು. 1952ರಲ್ಲಿ ಪೀಟರ್ ಸ್ಟೈನರ್ ಮಂಡಿಸಿದ ವಾದವನ್ನು ಹೀಗೆ ಬಿಡಿಸಬಹುದು. ಊರಿನಲ್ಲಿ 100 ಕೇಳುಗರು. 80 ಜನಕ್ಕೆ ಜನಪ್ರಿಯ ಗೀತೆ ಬೇಕು, 20 ಜನಕ್ಕೆ ಶಾಸ್ತ್ರೀಯ ಸಂಗೀತ. ಮೂರು ಕೇಂದ್ರಗಳಿಗೆ ಮೂವರು ಮಾಲೀಕರಿದ್ದರೆ ಮೂವರೂ ಜನಪ್ರಿಯ ಗೀತೆಯನ್ನೇ ಹಾಕುತ್ತಾರೆ, ಏಕೆಂದರೆ 80ನ್ನು ಮೂವರು ಹಂಚಿಕೊಂಡರೂ ತಲಾ 26 ಜನ ದಕ್ಕುತ್ತಾರೆ, ಅದು 20ಕ್ಕಿಂತ ಹೆಚ್ಚು. ಮೂರೂ ಒಬ್ಬನದೇ ಆದರೆ ಅವನಿಗೆ ತನ್ನ ಕೇಳುಗರನ್ನು ತಾನೇ ಕದಿಯುವುದರಲ್ಲಿ ಲಾಭವಿಲ್ಲ. ಒಂದನ್ನು ಶಾಸ್ತ್ರೀಯಕ್ಕೆ ಬಿಡುತ್ತಾನೆ. ಸ್ಟೀವನ್ ಬೆರಿ ಮತ್ತು ಜೋಯಲ್ ವಾಲ್ಡ್‌ಫೋಗಲ್ 2001ರಲ್ಲಿ ಪ್ರಕಟಿಸಿದ ಅಧ್ಯಯನ, 1996ರ ನಂತರದ ವಿಲೀನಗಳಿಂದ ಕೇಂದ್ರಗಳ ಸಂಖ್ಯೆಗೆ ಹೋಲಿಸಿದರೆ ಫಾರ್ಮ್ಯಾಟ್‌ಗಳ ವೈವಿಧ್ಯ ಹೆಚ್ಚಿತು ಎಂದು ಕಂಡುಕೊಂಡಿತು. ಮರುವರ್ಷ ಸಂಗೀತಗಾರರ ಪರವಾದ ಫ್ಯೂಚರ್ ಆಫ್ ಮ್ಯೂಸಿಕ್ ಕೊಯಲಿಷನ್ ಇದಕ್ಕೆ ತಿರುಗೇಟು ಕೊಟ್ಟಿತು: ಹೆಸರು ಬೇರೆಯಾದರೂ ಅನೇಕ ಫಾರ್ಮ್ಯಾಟ್‌ಗಳು ಹಾಕುವ ಹಾಡುಗಳು ಬಹುಪಾಲು ಒಂದೇ. ಎರಡೂ ನಿಜವಿರಬಹುದು. ಒಬ್ಬರು ಎಣಿಸಿದ್ದು ಅಂಗಡಿಯ ಫಲಕಗಳನ್ನು, ಇನ್ನೊಬ್ಬರು ಒಳಗಿನ ಸರಕನ್ನು.

ಬದಲಾವಣೆ ನಡೆಯುವ ಬಗೆ

ಫಾರ್ಮ್ಯಾಟ್ ಬದಲಿಸುವ ಸುದ್ದಿಯನ್ನು ಸಾಮಾನ್ಯವಾಗಿ ಸಿಬ್ಬಂದಿಗೂ ಕೊನೆಯ ಗಳಿಗೆಯವರೆಗೆ ಹೇಳುವುದಿಲ್ಲ. ಹೇಳಿದರೆ ಎದುರಾಳಿ ಮೊದಲೇ ಆ ಜಾಗ ಹಿಡಿದುಬಿಡಬಹುದು. ಹಳೆಯ ಕೇಳುಗರನ್ನು ಓಡಿಸಿ ಹೊಸಬರ ಕುತೂಹಲ ಕೆರಳಿಸಲು ಒಂದೆರಡು ದಿನ ಒಂದೇ ಹಾಡನ್ನು ಸುತ್ತಿಸುವುದು, ನವೆಂಬರಿನ ಮೊದಲೇ ಕ್ರಿಸ್‌ಮಸ್ ಗೀತೆ ಹಾಕುವುದು ರೂಢಿ. ಇದಕ್ಕೆ ‘ಸ್ಟಂಟಿಂಗ್’ ಎನ್ನುತ್ತಾರೆ.

ನ್ಯೂಯಾರ್ಕಿನ ಡಬ್ಲ್ಯುಸಿಬಿಎಸ್-ಎಫ್‌ಎಂ ಪ್ರಸಂಗ ಎಲ್ಲರೂ ಉದಾಹರಿಸುವಂಥದು. 1972ರಿಂದ ಹಳೆಯ ಗೀತೆಗಳಿಗೆ ಹೆಸರಾದ, ನಿರೂಪಕರೇ ಊರಿನ ಗಣ್ಯರಾಗಿದ್ದ ಕೇಂದ್ರ ಅದು. 2005ರ ಜೂನ್ 3ರ ಸಂಜೆ 5 ಗಂಟೆಗೆ ಅದು ಒಮ್ಮೆಗೇ ‘ಜಾಕ್ ಎಫ್‌ಎಂ’ ಆಯಿತು. ಜಾಕ್ ಎಂದರೆ ನಿರೂಪಕರೇ ಇಲ್ಲದ, ಕೆಲವು ದಶಕಗಳ ಹಾಡುಗಳನ್ನು ಕಲಸಿ ಹಾಕುವ ಫಾರ್ಮ್ಯಾಟ್. ಕೆನಡಾದಿಂದ ಬಂದು ಆಗ ಊರೂರಿಗೆ ಹಬ್ಬುತ್ತಿತ್ತು. ಅದೇ ದಿನ ಅದೇ ಒಡೆತನದ ಶಿಕಾಗೊ ಕೇಂದ್ರವೊಂದೂ ಜಾಕ್ ಆಯಿತು. ಹಳೆಯ ಗೀತೆ ಕೇಳುವವರಿಗೆ ವಯಸ್ಸಾಯಿತು, ಜಾಹೀರಾತುದಾರರಿಗೆ 54 ದಾಟಿದವರು ಬೇಡ ಎಂಬುದು ಲೆಕ್ಕ. ನ್ಯೂಯಾರ್ಕಿನಲ್ಲಿ ಕೇಳುಗರ ಸಂಖ್ಯೆ ಪಾತಾಳಕ್ಕಿಳಿಯಿತು. ಎರಡು ವರ್ಷ ಕಳೆದು 2007ರ ಜುಲೈ 12ರಂದು ಹಳೆಯ ಹೆಸರು, ಹಳೆಯ ಹಾಡು ಎರಡೂ ಮರಳಿದವು. ಇಷ್ಟರಲ್ಲಿ ಬ್ರೂಸ್ ಮಾರೊ ಅವರಂಥ ಹೆಸರಾಂತ ನಿರೂಪಕರು ಉಪಗ್ರಹ ರೇಡಿಯೊ ಸೇರಿಯಾಗಿತ್ತು. ಮಾಲೀಕ ತಪ್ಪನ್ನು ತಿದ್ದಿಕೊಂಡ ಇಂಥ ಉದಾಹರಣೆ ಅಪರೂಪ. ಹೆಚ್ಚಿನ ಊರುಗಳಲ್ಲಿ ಹೋದದ್ದು ಹೋದಂತೆಯೇ.

ದೂರದ ದನಿ

ಕಾರ್ಯಕ್ರಮಕ್ಕಿಂತ ಆಳವಾಗಿ ಬದಲಾದದ್ದು ಕೆಲಸದ ರೀತಿ. ‘ವಾಯ್ಸ್ ಟ್ರ್ಯಾಕಿಂಗ್’ ತಂತ್ರದಲ್ಲಿ ನಿರೂಪಕ ಹಾಡುಗಳ ನಡುವಿನ ತನ್ನ ಮಾತನ್ನಷ್ಟೇ ಮುದ್ರಿಸಿ ಕಂಪ್ಯೂಟರಿಗೆ ಕೊಡುತ್ತಾನೆ. ನಾಲ್ಕು ಗಂಟೆಯ ಪಾಳಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಬೇರೆ ರಾಜ್ಯದಲ್ಲಿ ಕುಳಿತವನು ಊರಿನ ಹವಾಮಾನ, ಬೀದಿಯ ಹೆಸರು, ಶಾಲೆಯ ಪಂದ್ಯದ ಫಲಿತಾಂಶವನ್ನು ಕಾಗದ ನೋಡಿ ಓದಿ, ತಾನು ಅಲ್ಲೇ ಇದ್ದಂತೆ ಕೇಳಿಸುತ್ತಾನೆ. ರಾತ್ರಿ ಮತ್ತು ವಾರಾಂತ್ಯದ ಪಾಳಿಗಳು ಹೊಸಬರು ಕೆಲಸ ಕಲಿಯುತ್ತಿದ್ದ ಜಾಗ. ಮೊದಲು ಮಾಯವಾದವು ಅವೇ.

ಇದರ ಅಪಾಯಕ್ಕೆ ಹೆಸರಾದದ್ದು ನಾರ್ತ್ ಡಕೋಟಾದ ಮೈನಟ್ ಪಟ್ಟಣ. 2002ರ ಜನವರಿ 18ರಂದು ಮಧ್ಯರಾತ್ರಿ ಕಳೆದು ಒಂದೂವರೆಯ ಸುಮಾರಿಗೆ ಸರಕು ರೈಲೊಂದು ಹಳಿ ತಪ್ಪಿ, ಟ್ಯಾಂಕರುಗಳು ಒಡೆದು, ಅಮೋನಿಯಾ ಅನಿಲದ ಮೋಡ ಊರಿನ ಮೇಲೆ ಕವಿಯಿತು. ಒಬ್ಬ ಸತ್ತ, ನೂರಾರು ಜನ ಕಣ್ಣು, ಶ್ವಾಸಕೋಶ ಸುಟ್ಟುಕೊಂಡರು. ಸುಮಾರು 36,000 ಜನರ ಆ ಊರಿನ 6 ವಾಣಿಜ್ಯ ಕೇಂದ್ರಗಳು ಕ್ಲಿಯರ್ ಚಾನೆಲ್‌ನವು. ಜನ ರೇಡಿಯೊ ಹಾಕಿದಾಗ ಕೇಳಿದ್ದು ಎಂದಿನ ಸಂಗೀತ. ಪೊಲೀಸರು ಕೇಂದ್ರಕ್ಕೆ ಫೋನ್ ಮಾಡಿದರೂ ಉತ್ತರ ಸಿಗಲಿಲ್ಲ. ತುರ್ತು ಎಚ್ಚರಿಕೆಯ ಉಪಕರಣವನ್ನು ಪೊಲೀಸರೇ ಸರಿಯಾಗಿ ಬಳಸಲಿಲ್ಲ, ಕೇಂದ್ರದಲ್ಲಿ ಆಗ ಒಬ್ಬ ನೌಕರನಿದ್ದ, ಫೋನ್ ಸಾಲುಗಳು ಕಿಕ್ಕಿರಿದಿದ್ದವು ಎಂದು ಕಂಪನಿ ವಾದಿಸಿತು. ಅದರಲ್ಲೂ ಹುರುಳಿದೆ. ಆದರೆ 6 ಕೇಂದ್ರಗಳ ಬಾಗಿಲಲ್ಲಿ ಒಬ್ಬನೇ ಇದ್ದದ್ದು ಅಪಘಾತವಲ್ಲ, ವ್ಯವಸ್ಥೆ. ಎರಿಕ್ ಕ್ಲೈನೆನ್‌ಬರ್ಗ್ 2007ರ ತಮ್ಮ ಪುಸ್ತಕದಲ್ಲಿ ಈ ರಾತ್ರಿಯನ್ನೇ ಮುಂದಿಟ್ಟುಕೊಂಡು ಚರ್ಚಿಸಿದರು.

2003ರಲ್ಲಿ ಇರಾಕ್ ಯುದ್ಧವನ್ನು ಟೀಕಿಸಿದ ಡಿಕ್ಸಿ ಚಿಕ್ಸ್ ಗಾಯಕಿಯರ ಹಾಡುಗಳನ್ನು ಕ್ಲಿಯರ್ ಚಾನೆಲ್ ನಿಷೇಧಿಸಿತೆಂಬ ಮಾತು ಈಗಲೂ ಚಾಲ್ತಿಯಲ್ಲಿದೆ. ಆದರೆ ತನ್ನ ಕಂಟ್ರಿ ಕೇಂದ್ರಗಳಿಗೆಲ್ಲ ಒಟ್ಟಿಗೆ ಅಂಥ ಆದೇಶ ಕೊಟ್ಟದ್ದು ಕ್ಯುಮುಲಸ್. ಸೆನೆಟ್ ಸಮಿತಿ ಆ ವರ್ಷ ಇದನ್ನು ವಿಚಾರಿಸಿತು. ಅದೇ ವರ್ಷ ಎಫ್‌ಸಿಸಿ ತಂದ ಹೊಸ ಮಾಧ್ಯಮ ಒಡೆತನ ನಿಯಮಗಳ ಮೇಲಿನ, ‘ಪ್ರೊಮಿಥಿಯಸ್’ ಎಂಬ ಹೆಸರಿನ ವ್ಯಾಜ್ಯ 2021ರವರೆಗೆ ನ್ಯಾಯಾಲಯಗಳಲ್ಲಿ ಅಲೆಯಿತು. ಕೇಂದ್ರಕ್ಕೆ ತನ್ನ ಊರಿನ ಆಸುಪಾಸಿನಲ್ಲಿ ಒಂದು ಸ್ಟುಡಿಯೊ ಇರಲೇಬೇಕೆಂಬ ಹಳೆಯ ನಿಯಮವನ್ನು ಎಫ್‌ಸಿಸಿ 2017ರಲ್ಲಿ ಕೈಬಿಟ್ಟಿತು.

ಸಾಲ

1990ರ ದಶಕದ ಕೊನೆಯಲ್ಲಿ ಕೇಂದ್ರಗಳ ಬೆಲೆ ಅವುಗಳ ವಾರ್ಷಿಕ ಗಳಿಕೆಯ ಹತ್ತಾರು ಪಟ್ಟು ಏರಿತ್ತು. ಗಳಿಕೆ ಏರುತ್ತಲೇ ಇರುತ್ತದೆಂದು ನಂಬಿ ಸಾಲ ಮಾಡಿದವರಿಗೆ ಇಂಟರ್ನೆಟ್ ಜಾಹೀರಾತು ಮತ್ತು 2008ರ ಆರ್ಥಿಕ ಕುಸಿತ ಒಟ್ಟಿಗೆ ಬಂದೆರಗಿದವು. ಅದೇ ವರ್ಷ ಬೇನ್ ಕ್ಯಾಪಿಟಲ್ ಮತ್ತು ಥಾಮಸ್ ಎಚ್. ಲೀ ಹೂಡಿಕೆ ಸಂಸ್ಥೆಗಳು ಸಾಲದ ಹಣದಲ್ಲೇ ಕ್ಲಿಯರ್ ಚಾನೆಲನ್ನು ಕೊಂಡವು. ಆ ಸಾಲ ಕಂಪನಿಯ ಪುಸ್ತಕಕ್ಕೇ ಬಂದು ಕೂತಿತು. 2014ರಲ್ಲಿ ಐಹಾರ್ಟ್‌ಮೀಡಿಯಾ ಎಂದು ಹೆಸರು ಬದಲಿಸಿಕೊಂಡ ಅದು 2018ರ ಮಾರ್ಚಿನಲ್ಲಿ, 2,000 ಕೋಟಿ ಡಾಲರಿಗೂ ಮಿಗಿಲಾದ ಸಾಲದೊಂದಿಗೆ, ದಿವಾಳಿ ರಕ್ಷಣೆ ಕೋರಿತು. ಕ್ಯುಮುಲಸ್ ಅದಕ್ಕೆ ಮೂರೂವರೆ ತಿಂಗಳ ಮೊದಲೇ ಅದೇ ದಾರಿ ಹಿಡಿದಿತ್ತು. 2017ರಲ್ಲಿ ಸಿಬಿಎಸ್ ರೇಡಿಯೊವನ್ನು ಸೇರಿಸಿಕೊಂಡ ಎಂಟರ್‌ಕಾಮ್, ಆಡಸಿ ಎಂಬ ಹೊಸ ಹೆಸರಿನಲ್ಲಿ, 2024ರ ಜನವರಿಯಲ್ಲಿ ಅಲ್ಲಿಗೇ ಬಂತು. ಬಡ್ಡಿ ಕಟ್ಟಬೇಕಾದವನಿಗೆ ಸ್ಥಳೀಯ ಸುದ್ದಿಗಾರ ದುಬಾರಿ. ಬೇರೆಡೆಯಿಂದ ಬರುವ ಹರಟೆ ಅಗ್ಗ.

ಸಾಲಗಾರರು ಮಾರುವುದನ್ನು ಕೊಳ್ಳುವವರಲ್ಲಿ ಮುಖ್ಯವಾದದ್ದು ‘ಕೆ-ಲವ್’ ಕ್ರೈಸ್ತ ಸಂಗೀತ ಜಾಲ ನಡೆಸುವ ಎಜುಕೇಷನಲ್ ಮೀಡಿಯಾ ಫೌಂಡೇಷನ್ ಎಂಬ ಲಾಭರಹಿತ ಸಂಸ್ಥೆ. ನ್ಯೂಯಾರ್ಕಿನ ಹೆಸರಾಂತ ಡಬ್ಲ್ಯುಪಿಎಲ್‌ಜೆಯನ್ನು ಅದು ಕ್ಯುಮುಲಸ್‌ನಿಂದ ಕೊಂಡು 2019ರ ಮೇ 31ರಂದು ಭಕ್ತಿಗೀತೆಗೆ ತಿರುಗಿಸಿತು. ಇನ್ನೊಂದು ತುದಿಯಲ್ಲಿ, ಎಫ್‌ಸಿಸಿ 2000ದಲ್ಲಿ ಆರಂಭಿಸಿದ ಕಡಿಮೆ ಶಕ್ತಿಯ ಎಫ್‌ಎಂ ಪರವಾನಗಿಗಳು ಚರ್ಚು, ಶಾಲೆ, ಕಾರ್ಮಿಕ ಗುಂಪುಗಳಿಗೆ ಕೆಲವು ಮೈಲಿ ಕೇಳಿಸುವ ದನಿ ಕೊಟ್ಟವು.

ಬ್ರಿಟನ್

ಬ್ರಿಟನ್ನಿನಲ್ಲಿ ಫಾರ್ಮ್ಯಾಟ್ ಪರವಾನಗಿಯಲ್ಲೇ ಬರೆದಿರುತ್ತಿತ್ತು, ಆದ್ದರಿಂದ ಕ್ರೋಡೀಕರಣ ಬೇರೆ ರೂಪ ತಾಳಿತು. ಗ್ಲೋಬಲ್ ಕಂಪನಿ 2007ರಲ್ಲಿ ಕ್ರಿಸಾಲಿಸ್ ರೇಡಿಯೊವನ್ನು, 2008ರಲ್ಲಿ ಜಿಕ್ಯಾಪ್ ಅನ್ನು ಕೊಂಡು ಊರೂರಿನ ಹೆಸರುಗಳನ್ನು ಅಳಿಸಿ ‘ಹಾರ್ಟ್’, ‘ಕ್ಯಾಪಿಟಲ್’ ಎಂಬ ಎರಡು ಜಾಲಗಳಿಗೆ ಹೊಂದಿಸಿತು. ಬೌವರ್ 2019ರಲ್ಲಿ ಕೊಂಡ ಹತ್ತಾರು ಸಣ್ಣ ಕೇಂದ್ರಗಳು ಮರುವರ್ಷ ‘ಗ್ರೇಟೆಸ್ಟ್ ಹಿಟ್ಸ್ ರೇಡಿಯೊ’ ಆದವು. ಹಾಡಿನ ಧಾಟಿ ಹೆಚ್ಚು ಬದಲಾಗದೆ ಊರು ಮಾತ್ರ ಮರೆಯಾಯಿತು.

ಭಾರತ ಮತ್ತು ಕರ್ನಾಟಕ

ಕನ್ನಡ ನಾಡಿನಲ್ಲಿ ಸ್ಥಳೀಯ ಕೇಂದ್ರವೊಂದು ದೊಡ್ಡ ಜಾಲದಲ್ಲಿ ಸೇರಿದ ಮೊದಲ ಉದಾಹರಣೆ ಮೈಸೂರಿನದು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಆರಂಭಿಸಿದ ‘ಆಕಾಶವಾಣಿ’ ಮುಂದೆ ಸಂಸ್ಥಾನದ ಸರ್ಕಾರಕ್ಕೆ, 1950ರಲ್ಲಿ ಆಲ್ ಇಂಡಿಯಾ ರೇಡಿಯೊಗೆ ಸೇರಿ, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. ಹೆಸರು ಇಡೀ ದೇಶದ ಪಾಲಾಯಿತು, ಕೇಂದ್ರ ಊರಿನಿಂದ ಹೋಯಿತು. ಇಲ್ಲಿ ಒಡೆಯ ಮಾರುಕಟ್ಟೆಯಲ್ಲ, ಸರ್ಕಾರ.

ತರಂಗಾಂತರ ಸಾರ್ವಜನಿಕ ಸ್ವತ್ತು, ಸರ್ಕಾರದ ಏಕಸ್ವಾಮ್ಯವಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ ಮೇಲೆ ಖಾಸಗಿ ಎಫ್‌ಎಂಗೆ ಬಾಗಿಲು ತೆರೆಯಿತು. ದೇಶದ ಮೊದಲ ಖಾಸಗಿ ಕೇಂದ್ರವಾಗಿ ರೇಡಿಯೊ ಸಿಟಿ ಬೆಂಗಳೂರಿನಲ್ಲಿ 2001ರ ಜುಲೈ 3ರಂದು ದನಿ ಎತ್ತಿತು. ಮೊದಲ ಹಂತದಲ್ಲಿ 108 ತರಂಗಾಂತರಗಳು ಹರಾಜಿಗಿದ್ದರೂ ವರ್ಷಕ್ಕೆ ಶೇ 15ರಂತೆ ಏರುವ ಶುಲ್ಕಕ್ಕೆ ಹೆದರಿ ಹೆಚ್ಚಿನವರು ಹಿಂದೆ ಸರಿದರು. 2005ರ ಎರಡನೇ ಹಂತ ಶುಲ್ಕವನ್ನು ಆದಾಯದ ಪಾಲಿಗೆ, ಶೇ 4ಕ್ಕೆ, ಜೋಡಿಸಿದ ಮೇಲೆ ಮಿರ್ಚಿ, ಬಿಗ್, ಫೀವರ್, ರೇಡಿಯೊ ಒನ್, ಇಂಡಿಗೊ ಮೊದಲಾದವು ಬೆಂಗಳೂರಿಗೆ ಬಂದವು.

ಈ ಹಂತದ ಒಂದು ನಿಯಮ ಅಮೆರಿಕಕ್ಕೆ ನೇರ ವಿರುದ್ಧ: ಒಂದು ನಗರದಲ್ಲಿ ಒಬ್ಬರಿಗೆ ಒಂದೇ ಕೇಂದ್ರ. ಏಕಸ್ವಾಮ್ಯ ತಡೆಯುವುದು ಉದ್ದೇಶ. ಫಲ ಮಾತ್ರ ಸ್ಟೈನರ್ ಲೆಕ್ಕದಂತೆಯೇ ಬಂತು. ಹರಾಜಿನಲ್ಲಿ ದುಬಾರಿ ಬೆಲೆ ತೆತ್ತವರೆಲ್ಲ ಹೊಸ ಸಿನಿಮಾ ಹಾಡನ್ನೇ ನೆಚ್ಚಿದರು. ಖಾಸಗಿಯವರಿಗೆ ಸುದ್ದಿಯೂ ನಿಷಿದ್ಧವಾಗಿದ್ದರಿಂದ ಬೇರೆಯಾಗಿ ನಿಲ್ಲಲು ಉಳಿದದ್ದು ಆರ್‌ಜೆಯ ಮಾತಿನ ಚಟಾಕಿ, ಮತ್ತು ಭಾಷೆ. ಬೆಂಗಳೂರಿನ ಕೇಂದ್ರಗಳು ಹಿಂದಿ ಹಾಡು ಹೆಚ್ಚು ಹಾಕುತ್ತವೆ ಎಂದು ಕನ್ನಡ ಸಂಘಟನೆಗಳು ಪ್ರತಿಭಟಿಸಿದವು. ಬೀದಿಯ ಒತ್ತಡಕ್ಕಿಂತ ಕನ್ನಡ ಚಿತ್ರಗೀತೆಗಳ ಗೆಲುವು, ಕನ್ನಡ ಕೇಳುಗರ ಸಂಖ್ಯೆ ಹೆಚ್ಚು ಕೆಲಸ ಮಾಡಿದಂತೆ ತೋರುತ್ತದೆ. ಇಂಗ್ಲಿಷ್ ನೆಚ್ಚಿದ್ದ ಇಂಡಿಗೊ ಮುಂತಾದ ಕೆಲವನ್ನು ಬಿಟ್ಟರೆ ‘ಸಖತ್ ಹಾಟ್ ಮಗಾ’ ಎನ್ನುವ ಕನ್ನಡ ನಗರದ ಎಫ್‌ಎಂ ಮಾತಾಗಿ ನಿಂತಿತು. ಮಂಗಳೂರಿನ ಕೇಂದ್ರಗಳಲ್ಲಿ ಅದರ ಜೊತೆಗೆ ತುಳುವೂ ಬೆರೆಯಿತು.

2011ರ ಮೂರನೇ ಹಂತದ ನೀತಿ ನಗರವೊಂದರ ಕೇಂದ್ರಗಳಲ್ಲಿ ಶೇ 40ರವರೆಗೆ ಒಬ್ಬರು ಹೊಂದಲು ಬಿಟ್ಟಿತು, ಕನಿಷ್ಠ ಮೂವರು ಮಾಲೀಕರು ಇರಬೇಕೆಂಬ ಷರತ್ತಿನೊಡನೆ. ಇಡೀ ದೇಶದಲ್ಲಿ ಒಬ್ಬರಿಗೆ ಶೇ 15ರ ಮಿತಿ ಉಳಿಯಿತು. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಲು ಒಪ್ಪಿಗೆ ಸಿಕ್ಕಿತು, ಸ್ವಂತ ಸುದ್ದಿಗೆ ಸಿಗಲಿಲ್ಲ. 2015ರ ಹರಾಜಿನ ನಂತರ ಮಿರ್ಚಿಗೆ ಬೆಂಗಳೂರಿನಲ್ಲಿ 95 ಮೆಗಾಹರ್ಟ್ಸ್‌ನ ಎರಡನೇ ಕೇಂದ್ರ ದಕ್ಕಿದಾಗ ನಡೆದದ್ದು ಪಠ್ಯಪುಸ್ತಕದ ಉದಾಹರಣೆ: 98.3ರ ಮೊದಲನೆಯದು ಕನ್ನಡವನ್ನು ಹಿಡಿದುಕೊಂಡಿತು, ಎರಡನೆಯದನ್ನು ಹಿಂದಿ ಸಿನಿಮಾ ಗೀತೆಗೆ ಬಿಡಲಾಯಿತು.

ಕೈಬದಲಾವಣೆಗಳೂ ನಡೆದಿವೆ. ರೇಡಿಯೊ ಸಿಟಿ 2015ರಲ್ಲಿ ಜಾಗರಣ್ ಪತ್ರಿಕಾ ಸಮೂಹಕ್ಕೆ, ರೇಡಿಯೊ ಒನ್ 2019ರಲ್ಲಿ ಫೀವರ್ ನಡೆಸುತ್ತಿದ್ದ ಎಚ್‌ಟಿ ಮೀಡಿಯಾದ ಹಿಡಿತಕ್ಕೆ ಬಂದವು. ಬಿಗ್ ಎಫ್‌ಎಂ ದಿವಾಳಿ ಪ್ರಕ್ರಿಯೆ ಹಾದು 2024ರಲ್ಲಿ ಸಫೈರ್ ಮೀಡಿಯಾ ಪಾಲಾಯಿತು. ಕೊಂಡವರಲ್ಲಿ ಪತ್ರಿಕೆಯವರೇ ಹೆಚ್ಚೆಂಬುದು ಗಮನಾರ್ಹ. ಪತ್ರಿಕೆಯ ಜಾಹೀರಾತಿನ ಜೊತೆ ರೇಡಿಯೊದ ಹತ್ತು ಸೆಕೆಂಡುಗಳನ್ನೂ ಕಟ್ಟಿ ಮಾರಬಹುದು. ಜಾಲದ ಒಳಗೆ ಕಾರ್ಯಕ್ರಮ ಹಂಚಿಕೊಳ್ಳಲು ಮೂರನೇ ಹಂತ ಅವಕಾಶ ಕೊಟ್ಟ ಮೇಲೆ ಸಣ್ಣ ಊರಿನ ಕೇಂದ್ರಗಳ ರಾತ್ರಿಗಳು ಬೇರೆ ನಗರಗಳಿಂದ ತುಂಬತೊಡಗಿದವು.

ಇದರ ಹೊರಗೆ ನಿಂತ ಪ್ರಯೋಗ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’. 2000ದ ದಶಕದ ಆರಂಭದಲ್ಲಿ ಹಳ್ಳಿಗರಿಗೆ ಪ್ರಸಾರದ ಪರವಾನಗಿ ಸಿಗುವಂತಿರಲಿಲ್ಲ, ಹಾಗಾಗಿ ಅವರು ತಾವೇ ಮುದ್ರಿಸಿದ ಕಾರ್ಯಕ್ರಮವನ್ನು ಕೇಬಲ್ ತಂತಿಯ ಮೂಲಕ ಮನೆಗಳಿಗೆ ಹಾಯಿಸಿದರು. ಸಮುದಾಯ ಬಾನುಲಿಗೆ 2006ರ ನೀತಿ ದಾರಿ ಮಾಡಿದ ಬಳಿಕ ಬೆಂಗಳೂರಿನ ರೇಡಿಯೊ ಆ್ಯಕ್ಟಿವ್, ಮಂಗಳೂರಿನ ಸಾರಂಗ್ ಮೊದಲಾದವು ಬಂದವು. ಇವನ್ನು ಮಾರುವಂತಿಲ್ಲ, ಆದ್ದರಿಂದ ಕೊಳ್ಳುವವರೂ ಇಲ್ಲ.

2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಇನ್ನೂ 234 ಊರುಗಳಲ್ಲಿ 730 ಖಾಸಗಿ ಎಫ್‌ಎಂ ಕೇಂದ್ರಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಮಾತೃಭಾಷೆಯ ಕಾರ್ಯಕ್ರಮಗಳಿಗೆ ಇದರಿಂದ ಉತ್ತೇಜನ ಸಿಗುವುದೆಂದು ಸರ್ಕಾರ ಹೇಳಿದೆ. ಆದರೆ ಇದುವರೆಗಿನ ಹಂತಗಳಲ್ಲಿ ಯಾವ ಹಾಡು, ಯಾವ ಭಾಷೆ ಎಂಬುದನ್ನು ಪರವಾನಗಿ ಪಡೆದವರೇ ತೀರ್ಮಾನಿಸುತ್ತ ಬಂದಿದ್ದಾರೆ.